ರಾಣಿಯ ಸೈನ್ಯಕ್ಕೆ ಹಿಟ್ಟು ಬೀಸಿದವರು

ಇತಿಹಾಸ ಕಲಿಸುವವರಿಗೆ ಒಂದು ರೋಗ ಇರುತ್ತದೆ. ಯಾವ ಮಾತು ಎತ್ತಿದರೂ ಅದರೊಳಗೆ ಒಬ್ಬ ರಾಜನನ್ನು ತಂದು ಕೂರಿಸದೆ ಅವರಿಗೆ ಸಮಾಧಾನವಿಲ್ಲ. ನಾನು ಈಗ ಹೇಳಹೊರಟಿರುವ ಸಂಗತಿ ನಡೆದಾಗ ನನಗೆ ಈ ರೋಗ ಹತ್ತಿ ಹದಿನೆಂಟು ವರ್ಷವಾಗಿತ್ತು. ನಳಕ್ಕೆ ನೀರು ಬಾರದಿದ್ದರೆ ಮುತ್ತಿಗೆ ಬಿದ್ದ ಕೋಟೆಯೊಂದರ ಕಥೆ ಹೇಳುತ್ತಿದ್ದೆ. ಪಲ್ಯ ಹೊತ್ತಿದರೆ ಎಂಥೆಂಥ ರಾಜಧಾನಿಗಳೇ ಸುಟ್ಟುಹೋದವು, ಬದನೆಕಾಯಿಯದೇನು ಎಂದುಬಿಡುತ್ತಿದ್ದೆ. ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದ ನನ್ನ ಯಜಮಾನರು ಮಿತಭಾಷಿ. ಹೊತ್ತಿದ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುತ್ತ, "ರಾಜಧಾನಿ ಸುಟ್ಟಾಗ ಮಂದಿ ಊರ ಬಿಟ್ಟು ಓಡಿ ಹೋಗ್ತಿದ್ರು. ನಾ ಎಲ್ಲಿ ಹೋಗ್ಲಿ?" ಎಂದು ಅವರು ಕೇಳಿದ್ದುಂಟು. ಆದರೂ ನನ್ನ ರೋಗ ಕಡಿಮೆಯಾಗಿರಲಿಲ್ಲ. ಅದನ್ನು ಕಡಿಮೆ ಮಾಡಿದವಳು ನಮ್ಮ ಅಂಕಲಿಯಲ್ಲಿ ನಮ್ಮದೇ ಓಣಿಯ ಮಾಲನ್.

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಚಿಕ್ಕೋಡಿಯಲ್ಲಿ ಹೆಣ್ಣುಮಕ್ಕಳಿಗಾಗಿ ಮೂರು ದಿನದ ತರಬೇತಿ ಶಿಬಿರ ಇಟ್ಟಿದ್ದರು. ಹಪ್ಪಳ, ಹೊಲಿಗೆ, ಎಮ್ಮೆ, ಅಂಗಡಿ, ಹೀಗೆ ಏನಾದರೊಂದು ಸ್ವಂತ ಉದ್ಯೋಗ ಮಾಡಬೇಕೆಂದಿದ್ದ ನಲವತ್ತೈವತ್ತು ಜನ ಬಂದಿದ್ದರು. ಅವರಿಗೆ ಹುರುಪು ತುಂಬಲು ಯಾರಾದರೂ ಬೇಕಿತ್ತು. ಯಾರೋ ನನ್ನ ಹೆಸರು ಹೇಳಿದರು. "ಇತಿಹಾಸದಿಂದ ಮಹಿಳಾ ಉದ್ಯಮಿಗಳಿಗೆ ಸ್ಫೂರ್ತಿ ಮತ್ತು ಪಾಠಗಳು" ಎಂಬ ವಿಷಯ ಕೊಟ್ಟು ಮುಕ್ಕಾಲು ಗಂಟೆ ಕೊಟ್ಟರು. ನಾನು ಇಳಕಲ್ ಸೀರೆ ಉಟ್ಟು, ಮೂವರು ರಾಣಿಯರನ್ನು ಸಿದ್ಧಮಾಡಿಕೊಂಡು ಹೋದೆ. ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಿಮಗೂ ಪಾಠ ಶುರುವಾಗುತ್ತದೆ. ಮೂವರೂ ಕುದುರೆ ಏರಿದರು, ಮೂವರೂ ಖಡ್ಗ ಹಿರಿದರು. ಎರಡನೆಯ ರಾಣಿ ಕೋಟೆಯ ಬಾಗಿಲು ತೆರೆಸಿ ಹೊರಗೆ ನುಗ್ಗುವಾಗ ನನ್ನ ದನಿ ನನಗೇ ರೋಮಾಂಚನವಾಗುವಷ್ಟು ಏರಿತ್ತು. ಮುಂದೆ ಕುಳಿತವರು ಚಪ್ಪಾಳೆ ತಟ್ಟಿದರು. ಹಿಂದೆ ಕುಳಿತವರು ಚಹಾದ ಕಿಟಲಿ ಬಂತೇನೋ ಎಂದು ತಿರುಗಿ ನೋಡಿದರು.

ಭಾಷಣ ಮುಗಿದ ಮೇಲೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದೆ. ಯಾರೂ ಕೇಳುವುದಿಲ್ಲ ಎಂಬ ಧೈರ್ಯದಿಂದಲೇ ಎಲ್ಲ ಭಾಷಣಕಾರರೂ ಹಾಗೆ ಹೇಳುವುದು. ನಡುವಿನ ಸಾಲಿನಿಂದ ಮಾಲನ್ ಎದ್ದು ನಿಂತಳು.

"ಅಕ್ಕೋರ, ರಾಣಿ ಕುದುರಿ ಏರಿ ಹೋದ್ಲು, ಛಲೋ ಆತು. ಆಕಿ ಸೈನ್ಯಕ್ಕ ಹಿಟ್ಟ ಬೀಸಿದವರು ಯಾರ್ರಿ?"

ಒಂದಿಬ್ಬರು ನಕ್ಕರು. ಅವಳು ನಗಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆಂದೇ ಕೇಳಿದ್ದಳು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಅದರ ಬಗ್ಗೆ ದಾಖಲೆಗಳು ಸಿಗುವುದಿಲ್ಲ" ಎಂದೆ.

"ಬೀಸಿರಬೇಕ ಬಿಡ್ರಿ, ಇಲ್ಲಾಂದ್ರ ಅಷ್ಟೂ ಮಂದಿ ಉಪಾಸ ಹೆಂಗ ಬಡದಾಡ್ತಾರ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವಳು ಕುಳಿತಳು. ಅಷ್ಟರಲ್ಲಿ ಚಹಾ ಬಂತು. ನನ್ನ ಮೂರನೆಯ ರಾಣಿಗಿಂತ ಅದಕ್ಕೆ ಹೆಚ್ಚು ಗೌರವ ಸಿಕ್ಕಿತು.

ಸಂಜೆ ಬಸ್ಸಿನಲ್ಲಿ ಅವಳೇ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಪ್ರಶ್ನೆ ಯಾಕೆ ಕೇಳಿದಳೆಂದು ಆಗ ಗೊತ್ತಾಯಿತು. ಅವಳ ಮಾವ ನಡೆಸುತ್ತಿದ್ದ ಹಿಟ್ಟಿನ ಗಿರಣಿ, ಮಾವ ತೀರಿಕೊಂಡ ಮೇಲೆ ಬೀಗ ಹಾಕಿಕೊಂಡು ಬಿದ್ದಿತ್ತು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ನೌಕರ. ಅವನಿಗೆ ಹಿಟ್ಟಿನ ಧೂಳಿ ಕಂಡರೆ ಆಗುತ್ತಿರಲಿಲ್ಲ. ಅದನ್ನು ತೆರೆದು ತಾನೇ ನಡೆಸಬೇಕೆಂದು ಮಾಲನ್‌ಳ ಮನಸ್ಸು. "ಹೆಂಗಸರು ಗಿರಣಿ ನಡಿಸಿದ್ದು ನಿಮ್ಮ ಪುಸ್ತಕದಾಗ ಎಲ್ಲರೆ ಐತೇನ್ರಿ ಅಕ್ಕೋರ? ಇದ್ರ ನಮ್ಮ ಮನಿಯವರಿಗೆ ತೋರಸ್ತಿದ್ದೆ." ನಾನು ಊರು ಬರುವವರೆಗೂ ಯೋಚಿಸಿದೆ. ಹೆಂಗಸರು ರಾಜ್ಯ ನಡೆಸಿದ್ದು ಇತ್ತು, ಗಿರಣಿ ನಡೆಸಿದ್ದು ಇರಲಿಲ್ಲ. ಸಾವಿರಾರು ವರ್ಷ ಬೀಸುವ ಕಲ್ಲಿನ ಮುಂದೆ ಕುಳಿತವರೆಲ್ಲ ಹೆಂಗಸರೇ. ಆದರೆ ಕಲ್ಲಿಗೆ ಬೆಲ್ಟಿನ ಪಟ್ಟಾ ಬಂದು, ಮೋಟಾರು ಬಂದು, ಕೂತಲ್ಲಿಂದ ಗುಂಡಿ ಒತ್ತಿದರೆ ಸಾಕು ಎಂದಾದ ದಿನ ಗಿರಣಿಯವ ಎಂದರೆ ಗಂಡಸು ಎಂದಾಗಿಬಿಟ್ಟಿತ್ತು. ಹದಿನೆಂಟು ವರ್ಷ ಇತಿಹಾಸ ಹೇಳಿದ ನನಗೆ ಈ ಮಾತು ಅಂಕಲಿಯ ಸ್ಟಾಪಿನಲ್ಲಿ ಇಳಿಯುವಾಗ ಹೊಳೆಯಿತು. ಮೆಟ್ಟಿಲು ತಪ್ಪಿ ಬೀಳುವುದರಲ್ಲಿದ್ದೆ.

ಪುಸ್ತಕದ ಆಧಾರ ಇಲ್ಲದೆಯೇ ಮಾಲನ್ ಗಿರಣಿ ತೆರೆದಳು. ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೆಯ ಅಂಗಿ ತೊಟ್ಟು, ಸೆರಗು ಪಟ್ಟಾಕ್ಕೆ ಸಿಗದಂತೆ ಒಳಗೆ ಸಿಕ್ಕಿಸಿ, ತಲೆಗೆ ಟವೆಲ್ಲು ಸುತ್ತಿ ನಿಂತರೆ ಹುಬ್ಬಿನವರೆಗೂ ಬೆಳ್ಳಗಾಗಿರುತ್ತಿದ್ದಳು. ಮೊದಲ ವಾರ ಗಂಡಸರು ಮೋಜು ನೋಡಲು ಬಂದರು. ಎರಡನೆಯ ವಾರದಿಂದ ಹೆಂಗಸರು ಜೋಳ ತಂದರು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂಬುದನ್ನು ನಮ್ಮ ಓಣಿಗೆ ಮೊದಲು ತಿಳಿಸುತ್ತಿದ್ದದ್ದು ಅವಳ ಗಿರಣಿಯ ಸದ್ದೇ. ಸರತಿಯಲ್ಲಿ ಕುಳಿತವರ ನಡುವೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಊರಿನ ಸುದ್ದಿಯೆಲ್ಲ ಬೀಸಿ ಸಣ್ಣಗಾಗುತ್ತಿತ್ತು. ನಾನೂ ಡಬ್ಬಿ ಹಿಡಿದು ಹೋಗಿ ಕೂಡುತ್ತಿದ್ದೆ. ಅವಳ ಸಾಹಸಕ್ಕೆ ನನ್ನ ಭಾಷಣವೇ ಕಾರಣವೆಂದು ಒಂದಿಬ್ಬರ ಹತ್ತಿರ ಹೇಳಿಯೂ ಬಿಟ್ಟೆ.

ತೊಂದರೆ ಶುರುವಾದದ್ದು ನನ್ನ ಅಡುಗೆಮನೆಯಲ್ಲಿ. ಒಂದು ದಿನ ಬಡಿಯುತ್ತಿದ್ದ ರೊಟ್ಟಿ ಕೈಯಲ್ಲೇ ಸೀಳಿತು. ಎರಡನೆಯದು ಹಂಚಿಗೆ ಹಾಕುವಾಗ ಮೂರು ತುಂಡಾಯಿತು. ನನ್ನ ರೊಟ್ಟಿಯ ಕೈ ಮೊದಲಿಂದಲೂ ಅಷ್ಟಕ್ಕಷ್ಟೇ. ಆದ್ದರಿಂದ ತಪ್ಪು ನನ್ನದೇ ಎಂದು ಬಿಸಿನೀರು ಹೆಚ್ಚು ಹಾಕಿ ನೋಡಿದೆ, ಕಡಿಮೆ ಹಾಕಿ ನೋಡಿದೆ. ಯಜಮಾನರು ತಟ್ಟೆಯಲ್ಲಿದ್ದ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿ, "ಇದು ಯಾವ ರಾಜನ ರಾಜ್ಯ?" ಎಂದರು. ಮೂರನೆಯ ದಿನ ಎದುರು ಮನೆಯಾಕೆ ಬಂದು, "ಅಕ್ಕೋರ, ನಿಮ್ಮ ರೊಟ್ಟಿನೂ ಸೀಳಾಕತ್ತಾವೇನ್ರಿ?" ಎಂದು ಕೇಳಿದಾಗ ನನಗಾದ ಆನಂದ ಹೇಳತೀರದು. ಇಡೀ ಓಣಿಯ ರೊಟ್ಟಿ ಸೀಳುತ್ತಿತ್ತು. ಹಿಟ್ಟಿನಲ್ಲಿ ಜಿಗಿ ಇರಲಿಲ್ಲ. ಆನಂದ ಇಳಿದ ಮೇಲೆ ಮಾಲನ್ ನೆನಪಾದಳು.

ಗಿರಣಿಯ ಕಲ್ಲು ಸವೆದಿತ್ತು. ಕಲ್ಲಿನ ಮೈಮೇಲೆ ಸಾಲು ಸಾಲಾಗಿ ಗೀರು ಇರುತ್ತವೆ. ಅವೇ ಅದರ ಹಲ್ಲು. ಅವು ನುಣುಪಾದರೆ ಕಾಳು ಕತ್ತರಿಸುವುದಿಲ್ಲ, ಉಜ್ಜಿ ಉಜ್ಜಿ ಹಿಟ್ಟು ಸುಟ್ಟು ಅದರ ಅಂಟು ಹೋಗುತ್ತದೆ. ಆಗಾಗ ಚಾಣ ಎಂಬ ಸಣ್ಣ ಉಳಿ ಹಿಡಿದು ಹೊಡೆದು ಆ ಹಲ್ಲು ಹೊಸದು ಮಾಡಬೇಕು. ಆ ಕೆಲಸ ಮಾಡುವ ಮಿಸ್ತ್ರಿ ನಿಪ್ಪಾಣಿ ಕಡೆಯವನು. ಫೋನು ಮಾಡಿದಾಗಲೆಲ್ಲ "ನಾಳಿ ಬರ್ತೀನಿ" ಎನ್ನುತ್ತಿದ್ದ. ಹದಿನೈದು ನಾಳೆ ಆದವು. ಕೊನೆಗೆ, "ಮನಿಯಾಗ ಗಂಡಸರು ಇದ್ದ ದಿನ ಹೇಳ್ರಿ, ಕಲ್ಲ ಎತ್ತೂ ಕೆಲಸ ಐತಿ" ಎಂದ. ಮಾಲನ್ ತಾನೇ ಹೊಡೆಯಲು ಹೋದಳು. ಬಸ್‌ಸ್ಟ್ಯಾಂಡಿನ ಆಚೆಯ ಇನ್ನೊಂದು ಗಿರಣಿಯವನನ್ನು ಹೇಗೆಂದು ಕೇಳಿದರೆ, "ಅದು ಹೆಂಗಸರ ಕೈಯಾಗಿನ ಕೆಲಸಲ್ಲ ತಂಗಿ, ಕಲ್ಲ ಕೆಡ್ತೈತಿ" ಎಂದು ಕಳಿಸಿದ್ದ. ಅಷ್ಟರಲ್ಲಿ ಅವಳ ಸರತಿಯೆಲ್ಲ ಅವನ ಬಾಗಿಲಿಗೆ ಹೋಗಿತ್ತು. ಎಳ್ಳಮಾಸಿ ಎರಡು ವಾರ ದೂರ. ಹಬ್ಬಕ್ಕೆ ಹೊಲಕ್ಕೆ ಹೋಗುವ ಬುತ್ತಿಗೆ ಮನೆಮನೆಯಲ್ಲೂ ಸಜ್ಜೆ, ಜೋಳ ಬೀಸಿಸುವ ಹೊತ್ತು. ಆಗ ಬೇರೆ ಗಿರಣಿಗೆ ಹೋದವರು ತಿರುಗಿ ಬರುವುದಿಲ್ಲ. "ಮೋಟಾರ ಕೇಳಾಕ ರಾಯಬಾಗದಿಂದ ಒಬ್ರು ಬಂದ ಹೋಗ್ಯಾರ್ರಿ. ಹಬ್ಬ ಆದ ಮ್ಯಾಲ ಕೊಟ್ಟ ಬಿಡೂನು ಅಂತಾರ ನಮ್ಮನಿಯವರು," ಎಂದು ಮಾಲನ್ ನಿಂತ ಯಂತ್ರವನ್ನು ಅಂಗಿಯ ತೋಳಿನಿಂದ ಒರೆಸುತ್ತ ಹೇಳಿದಳು. ಒರೆಸಬೇಕಾದ ಧೂಳು ಅದರ ಮೇಲೆ ಇರಲಿಲ್ಲ.

ಅವಳಿಗೆ ಧೈರ್ಯ ಹೇಳುವುದು ನನ್ನ ಕರ್ತವ್ಯವೆನಿಸಿತು. ಒಬ್ಬ ರಾಣಿ ಹಲವು ತಿಂಗಳು ಕೋಟೆ ಬಿಟ್ಟುಕೊಡದೆ ಹೇಗೆ ಕಾದಳು ಎಂದು ಅಲ್ಲಿಯೇ ನಿಂತು ಹೇಳಿದೆ. ಮಾಲನ್ ತಾಳ್ಮೆಯಿಂದ ಕೇಳಿದಳು. "ಆ ಕ್ವಾಟಿ ಒಳಗ ಕಲ್ಲ ಹೊಡಿಯವರು ಇದ್ರೇನ್ರಿ?" ಎಂದಳು.

ಮನೆಗೆ ಬಂದು ಚಹಾಕ್ಕಿಟ್ಟೆ. ಅದು ಕುದಿಯುವುದನ್ನು ನೋಡುತ್ತಿದ್ದಾಗ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ದನಿ ಕಿವಿಯಲ್ಲಿ ಎದ್ದಿತು. "ಕಲ್ಲ ಹೊಡಸ್ತೀರೇನ ಯವ್ವಾ, ಬೀಸೂ ಕಲ್ಲ." ತೆಲಸಂಗದಲ್ಲಿ ನನ್ನ ಅಜ್ಜಿಯ ಮನೆ. ಬೇಸಿಗೆಯ ರಜೆಯಲ್ಲಿ ಅಲ್ಲಿರುತ್ತಿದ್ದೆ. ಹೆಗಲಿಗೆ ಒಂದು ಚೀಲ, ಬೆನ್ನಿಗೊಂದು ಕೂಸು ಕಟ್ಟಿಕೊಂಡ ಹೆಂಗಸೊಬ್ಬಳು ಓಣಿಯಲ್ಲಿ ಕೂಗುತ್ತ ಬರುತ್ತಿದ್ದಳು. ಅಜ್ಜಿ ಕರೆದರೆ ಕೂಸನ್ನು ಅಜ್ಜಿಯ ತೊಡೆಗೆ ಕೊಟ್ಟು, ಬೀಸುವ ಕಲ್ಲನ್ನು ಮಗುಚಿ ತನ್ನ ತೊಡೆಗೆ ಆನಿಸಿಕೊಂಡು, ಟಿಕ್ ಟಿಕ್ ಎಂದು ಚಾಣ ಹೊಡೆಯುತ್ತಿದ್ದಳು. ಕಣ್ಣಿಗೆ ಚೂರು ಸಿಡಿದೀತೆಂದು ನಮ್ಮನ್ನು ದೂರ ಓಡಿಸುತ್ತಿದ್ದಳು. ಹೋಗುವಾಗ ಮೊರದ ತುಂಬ ಜೋಳ ಒಯ್ಯುತ್ತಿದ್ದಳು. ಆ ಊರಿಗೆ ಈ ಕೆಲಸಕ್ಕೆ ಗಂಡಸರು ಬಂದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಚಹಾದ ಒಲೆ ಆರಿಸಿ ಓಡಿದೆ. ನನ್ನ ಗಾತ್ರದವರು ಓಡಿದರೆ ಓಣಿಯಲ್ಲಿ ಏನೋ ಆಗಿದೆ ಎಂದು ಎಲ್ಲರೂ ಹೊರಗೆ ಬರುತ್ತಾರೆ, ಬಂದರು. "ಮಾಲನ್, ಕಲ್ಲು ಹೊಡೆಯುವುದು ಮೊದಲು ಹೆಂಗಸರ ಕೆಲಸವೇ ಇತ್ತು" ಎಂದು ಏದುಸಿರಿನಲ್ಲಿ ಹೇಳಿದೆ. ನನ್ನ ಬದುಕಿನಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದ ಮೊದಲ ಐತಿಹಾಸಿಕ ಸತ್ಯ ಅದು.

"ಹೌದ್ರಿ?" ಎಂದಳು ಮಾಲನ್. "ಈಗ ಆಕಿ ಎಲ್ಲಿ ಸಿಗ್ತಾಳ?"

ಇತಿಹಾಸದ ಇನ್ನೊಂದು ಕೊರತೆ ಇದು, ವಿಳಾಸ ಕೊಡುವುದಿಲ್ಲ. ವಿಳಾಸ ಕೊಟ್ಟವಳು ಬಾಗಿಲಲ್ಲಿ ಕುಳಿತು ಕೇಳಿಸಿಕೊಂಡ ಮಾಲನ್‌ಳ ಅತ್ತೆ. ಅಂಕಲಿಗೆ ಕಲ್ಲು ಹೊಡೆಯಲು ಯಲ್ಲವ್ವ ಎಂಬಾಕೆ ಬರುತ್ತಿದ್ದಳಂತೆ. ಈಗ ಮುದುಕಿಯಾಗಿ ಅಲಖನೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಸಂತೆಯಲ್ಲಿ ಯಾರೋ ಹೇಳಿದ್ದರಂತೆ.

ಆ ರವಿವಾರ ನಾವಿಬ್ಬರೂ ಬಸ್ಸು ಹತ್ತಿ ರಾಯಬಾಗಕ್ಕೆ ಹೋಗಿ, ಅಲ್ಲಿಂದ ಟಂಟಂ ರಿಕ್ಷಾ ಹಿಡಿದು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಅಲಖನೂರು ಮುಟ್ಟಿದೆವು. ಯಲ್ಲವ್ವ ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದಳು. ನನ್ನ ಕನ್ನಡಕ, ಹೆಗಲಚೀಲ ನೋಡಿದವಳೇ, "ಪಗಾರ ಬಂದಿಲ್ರಿ, ಮೂರ ಸಲ ಬರಕೊಂಡ ಹೋಗ್ಯಾರ" ಎಂದಳು. ನಾನು ಪಿಂಚಣಿಯವಳಲ್ಲ, ಟೀಚರು ಎಂದು ತಿಳಿಸಲು ಹತ್ತು ನಿಮಿಷ ಹಿಡಿಯಿತು. ಮಾಲನ್ ಬಂದ ಕಾರಣ ಹೇಳಿದಳು.

"ಗಿರಣಿ ಬಂದ ಮ್ಯಾಲ ನನ್ನ ಯಾರೂ ಕರೀಲಿಲ್ಲ. ಓಣಿ ಓಣಿ ಒದರಿ ಒದರಿ ತಿರುಗಿ ಬರ್ತಿದ್ದೆ" ಎಂದಳು ಮುದುಕಿ. "ನನ್ನ ಕೆಲಸ ಕಸಗೊಂಡದ್ದ ಅದು. ಅದಕ್ಕ ನಾ ಯಾಕ ಹಲ್ಲ ಹಚ್ಚಲಿ?"

ನಾನು ಗಂಟಲು ಸರಿಮಾಡಿಕೊಂಡು, ಕಾಲಚಕ್ರ ಉರುಳುವಾಗ ಎಂದು ಆರಂಭಿಸಿದೆ. ಮಾಲನ್ ನನ್ನ ಮೊಣಕೈ ಒತ್ತಿದಳು. ಅವಳು ಮುದುಕಿಯ ಎದುರು ನೆಲದ ಮೇಲೆ ಕುಳಿತಳು.

"ನೀ ಹೊಡೀಬ್ಯಾಡ ಆಯಿ. ನನಗ ಕಲಿಸು. ನಿನ್ನ ಕೈಯಾಗಿಂದು ನಿನ್ನ ಕೂಡ ಹೋಗೂದ ಬ್ಯಾಡ."

ಯಲ್ಲವ್ವ ಅವಳ ಮುಖ ನೋಡಲಿಲ್ಲ. "ಕೈ ತೋರಸ" ಎಂದಳು. ಮಾಲನ್‌ಳ ಎರಡೂ ಅಂಗೈ ಹಿಡಿದು, ಬೆರಳ ಬುಡದ ಗಡುಸನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಆಮೇಲೆ, "ಕಲ್ಲ ಎಷ್ಟ ದೊಡ್ಡದೈತಿ?" ಎಂದು ಕೇಳಿದಳು. ಮಾಲನ್ ತೋಳು ಅಗಲಿಸಿ ತೋರಿಸಿದಳು. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಬೀಸೂ ಕಲ್ಲ ನನ್ನ ತೊಡಿ ಮ್ಯಾಲ ಕುಂದರತಿತ್ತು. ಇದರ ಮ್ಯಾಲ ನಾನ ಕುಂದರಬೇಕಾಕ್ಕೈತಿ."

ಹಾಗೆಯೇ ಆಯಿತು. ಮಾರನೆಯ ದಿನ ಮುದುಕಿ ಮಗಳ ಕೈಹಿಡಿದು ಅಂಕಲಿಗೆ ಬಂದಳು. ಓಣಿಯ ನಾಲ್ವರು ಹೆಂಗಸರು, ಜೊತೆಗೆ ಶಾಲೆಗೆ ಎರಡು ದಿನ ರಜೆ ಹಾಕಿದ ನಾನು, ಹಾರೆ ಕೊಟ್ಟು ಮೇಲಿನ ಕಲ್ಲು ಎತ್ತಿ ಮಗುಚಿದೆವು. ಗಂಡಸರು ಬೇಕಾಗಲಿಲ್ಲ. ನನ್ನ ಪಾತ್ರ ಹೆಚ್ಚಾಗಿ "ಹುಷಾರು, ಹುಷಾರು" ಎನ್ನುವುದಾಗಿತ್ತು; ಅದನ್ನೂ ಯಾರಾದರೂ ಮಾಡಬೇಕಲ್ಲ. ಯಲ್ಲವ್ವ ಕಲ್ಲಿನ ಮೇಲೆ ಒಂದು ಬದಿಗೆ ಕುಳಿತು, ಮಂಜಾದ ಕಣ್ಣನ್ನು ಮುಚ್ಚಿ, ಬೆರಳಿನಿಂದ ಹಳೆಯ ಸಾಲುಗಳನ್ನು ಹುಡುಕಿದಳು. "ನಡುವಿಂದ ಅಂಚಿಗೆ ಬಾ. ನೆಟ್ಟಗಲ್ಲ, ಓರೆ. ಓರೆ ಇದ್ರ ಹಿಟ್ಟ ಹೊರಗ ಓಡ್ತೈತಿ. ಜೋರ ಮಾಡಬ್ಯಾಡ, ಕಲ್ಲಿನ ಸಪ್ಪಳ ಕೇಳು. ಟಣ್ ಅಂದ್ರ ಗಟ್ಟಿ, ಧಪ್ ಅಂದ್ರ ಅಲ್ಲಿ ಕೈ ಹಗರ ಮಾಡು." ಮಾಲನ್ ಹೊಡೆದಳು. ತಪ್ಪಿತು. ಮತ್ತೆ ಹೊಡೆದಳು. ಬೆರಳಿನ ಗೆಣ್ಣು ಸುಲಿದು ರಕ್ತ ಬಂತು. ಅರಿಸಿನ ಒತ್ತಿ ಮತ್ತೆ ಕುಳಿತಳು. ಮೊದಲ ದಿನದ ಸಾಲುಗಳು ಕೋಳಿ ಕೆದರಿದಂತಿದ್ದವು. ಎರಡನೆಯ ದಿನ ಮಧ್ಯಾಹ್ನ ಯಲ್ಲವ್ವ ಒಂದು ಸಾಲಿನ ಮೇಲೆ ಬೆರಳು ಎಳೆದು, ಏನೂ ಹೇಳದೆ ಮುಂದಿನ ಸಾಲಿಗೆ ಹೋದಳು. ಮಾಲನ್ ನನ್ನ ಕಡೆ ನೋಡಿದಳು. ಹೊಗಳಿಕೆ ಹಾಗೂ ಇರಬಹುದೆಂದು ಭಾಷಣ ಮಾಡುವ ನನಗೆ ಗೊತ್ತಿರಲಿಲ್ಲ.

ಹಲ್ಲು ಹಚ್ಚಿದ ಮೇಲೆ ಮೊದಲು ತೌಡು ಹಾಕಿ ಬೀಸಿ ಚೆಲ್ಲಬೇಕು, ಕಲ್ಲಿನ ಪುಡಿ ಹೋಗುವವರೆಗೆ. ಮಾಲನ್ ಚೆಲ್ಲಿದಳು. ಇನ್ನೂ ಒಂದು ಸಲ ಚೆಲ್ಲಬೇಕು ಎಂದಳು. ಆದರೆ ಚಾರಿತ್ರಿಕ ಕ್ಷಣದ ಮೊದಲ ಹಿಟ್ಟು ನನ್ನದಾಗಬೇಕೆಂದು ನಾನು ಹಟ ಹಿಡಿದು ನನ್ನ ಜೋಳ ಹಾಕಿಸಿಕೊಂಡು ಬಂದೆ. ರೊಟ್ಟಿ ಸೀಳಲಿಲ್ಲ, ಚಂದ್ರನಂತೆ ದುಂಡಗೆ ಎದ್ದವು. ಯಜಮಾನರು ಒಂದು ತುತ್ತು ಬಾಯಿಗೆ ಹಾಕಿ ಅಗಿಯುವುದನ್ನು ನಿಲ್ಲಿಸಿದರು. "ನಿನ್ನ ಇತಿಹಾಸ ಹಲ್ಲಿಗೆ ಸಿಗಾಕತ್ತೈತಿ" ಎಂದರು.

ಎಳ್ಳಮಾಸಿಯ ವಾರ ಮಾಲನ್‌ಳ ಗಿರಣಿಯ ಸರತಿ ಓಣಿಯ ತಿರುವಿನವರೆಗೆ ಬಂದಿತ್ತು. ಬಸ್‌ಸ್ಟ್ಯಾಂಡಿನ ಆಚೆಗೆ ಹೋದವರೂ ಡಬ್ಬಿಗಳನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ತಿರುಗಿ ಬಂದರು. ಮಾಲನ್ ಯಾರಿಗೂ ಎಲ್ಲಿ ಹೋಗಿದ್ದಿರಿ ಎಂದು ಕೇಳಲಿಲ್ಲ. ಹಬ್ಬದ ಮರುದಿನ ರಾಯಬಾಗದವರು ಮೋಟಾರು ಒಯ್ಯಲು ಬಂದರು. ಮಾಲನ್‌ಳ ಗಂಡನೇ ಬಾಗಿಲಲ್ಲಿ ನಿಂತು, "ಈಗ ಬಂದ ಮಾಡಾಕ ಬರೂದಿಲ್ರಿ, ಕರೆಂಟ ಐತಿ, ಮಂದಿ ನಿಂತಾರ. ಕುಂದರ್ರಿ" ಎಂದ. ಅವರು ನಾಲ್ಕು ಗಂಟೆಯವರೆಗೆ ಕುಳಿತು, ಎರಡು ಸಲ ಚಹಾ ಕುಡಿದು, ಮೈಯೆಲ್ಲ ಹಿಟ್ಟು ಮಾಡಿಕೊಂಡು ಎದ್ದು ಹೋದರು. ಮತ್ತೆ ಬರಲಿಲ್ಲ. ನಿಪ್ಪಾಣಿಯ ಮಿಸ್ತ್ರಿಯ "ನಾಳೆ"ಯೂ ಒಂದು ದಿನ ಬಂತು. ಕಲ್ಲಿನ ಮೇಲೆ ಅಂಗೈ ಆಡಿಸಿ, "ಯಾರ ಹೊಡದಾರ?" ಎಂದ. "ನಾನ್ರಿ" ಎಂದಳು ಮಾಲನ್. "ಇಲ್ಲೆ ಸ್ವಲ್ಪ ಆಳ ಆಗೈತಿ" ಎಂದು ಒಂದು ಕಡೆ ತೋರಿಸಿದ. ಅವಳು ಬಗ್ಗಿ ನೋಡಿ, "ಹೌದ್ರಿ, ಮುಂದಿನ ಸಲ ನೋಡ್ತೀನಿ" ಎಂದಳು. ಒಂದೆರಡು ವರ್ಷದಲ್ಲಿ ಕಾಗವಾಡದವರೆಗೂ ಗಿರಣಿಯವರು ಅವಳನ್ನು ಕಲ್ಲು ಹೊಡೆಯಲು ಕರೆಯುವಂತಾಯಿತು. ಕಣ್ಣು ಪೂರ್ತಿ ಹೋಗುವವರೆಗೂ ಯಲ್ಲವ್ವ ಕೆಲವು ಕಡೆ ಜೊತೆಗೆ ಹೋಗುತ್ತಿದ್ದಳು. ಟಂಟಂನಲ್ಲಿ ಮುಂದಿನ ಸೀಟು ಅವಳದು.

ನಾನು ಇದನ್ನೆಲ್ಲ ದಾಖಲಿಸಬೇಕೆಂದು ದಪ್ಪ ನೋಟುಬುಕ್ಕು ತೆಗೆದುಕೊಂಡು ಒಂದು ದಿನ ಅವರು ಕೆಲಸ ಮಾಡುವಲ್ಲಿಗೆ ಹೋದೆ. ಮುಂದಿನ ಪೀಳಿಗೆಗೆ ದಾಖಲೆ ಇಲ್ಲ ಎಂದು ಯಾರೂ ಹೇಳಬಾರದು ಎಂಬುದು ನನ್ನ ಉದ್ದೇಶ. ಯಲ್ಲವ್ವ ಸ್ವಲ್ಪ ಹೊತ್ತು ನನ್ನ ಪ್ರಶ್ನೆಗಳಿಗೆ ಉತ್ತರಿಸಿ, ಆಮೇಲೆ ಚಾಣ ಮತ್ತು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. "ಹೇಳಿದ್ರ ತಿಳಿಯೂದಿಲ್ರಿ. ಹೊಡೀರಿ." ಏಳು ಪೆಟ್ಟು ಹೊಡೆದೆ. ಎಂಟನೆಯದು ನನ್ನ ಹೆಬ್ಬೆರಳಿಗೆ ಬಿತ್ತು.

ಮರುದಿನ ಒಂಬತ್ತನೆಯ ತರಗತಿಗೆ ಹೋದಾಗ ಬೆರಳಿಗೆ ದೊಡ್ಡ ಪಟ್ಟಿ ಇತ್ತು. ಸೀಮೆಸುಣ್ಣ ಹಿಡಿಯಲು ಬರುತ್ತಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಏನಾಯಿತೆಂದು ಕೇಳಿದಳು. ಗಿರಣಿ ಕಲ್ಲು ಹೊಡೆಯಲು ಹೋಗಿದ್ದೆ ಎಂದೆ. ತರಗತಿ ಗಪ್ ಆಯಿತು. ಕೋಟೆ, ಕಂದಕ, ಒಪ್ಪಂದ, ತೆರಿಗೆ, ಯಾವುದಕ್ಕೂ ಅವರು ಅಷ್ಟು ನಿಶ್ಶಬ್ದವಾಗಿ ಕುಳಿತದ್ದಿಲ್ಲ.

"ನಿಮಗ ಬರ್ತೈತೇನ್ರಿ ಅಕ್ಕೋರ, ಅದು?"

"ಇಲ್ಲ" ಎಂದೆ.

"ಮತ್ತ ಯುದ್ಧ ಮಾಡಾಕ?"

ಇಷ್ಟು ವರ್ಷದಿಂದ ನಾನು ಮಕ್ಕಳಿಗೆ ಸೈನ್ಯವನ್ನು ಎಲ್ಲಿ ನಿಲ್ಲಿಸಬೇಕಿತ್ತು, ಯಾವ ರಾಜ ಯಾವ ತಪ್ಪು ಮಾಡಿದ, ಯಾವ ರಾಣಿ ಏನು ಮಾಡಿದ್ದರೆ ಗೆಲ್ಲುತ್ತಿದ್ದಳು ಎಂದೆಲ್ಲ ಹೇಳುತ್ತ ಬಂದವಳು. ಯಾರೂ ಇದನ್ನು ಕೇಳಿರಲಿಲ್ಲ. ಅದೂ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಹುಡುಗಿ ನನ್ನ ಪಟ್ಟಿ ಕಟ್ಟಿದ ಬೆರಳನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, ಬಹಳ ಮರುಕದಿಂದ, "ಇರ್ಲಿ ಬಿಡ್ರಿ, ನೀವು ಹೇಳ್ರಿ, ನಾವ ಬರಕೋತೀವಿ" ಎಂದು ನೋಟುಬುಕ್ಕು ತೆರೆದಳು.